ಶಾಲೆಗೆ 12 ಕಂಪ್ಯೂಟರ್ ಬರುತ್ತಿವೆ. ಈ ಸಲ ಕೋಣೆಗೆ ಬೀಗ ಬೀಳಬಾರದು, ಏನು ಮಾಡಬೇಕು?

ಗಣಿತದ_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಬಯಲುಸೀಮೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. 186 ಮಕ್ಕಳಿದ್ದಾರೆ. ಕಂಪ್ಯೂಟರ್ ಟೀಚರ್ ಇಲ್ಲ. ಹಳೆ ವಿದ್ಯಾರ್ಥಿಗಳ ಸಂಘದವರು ಒಂದು ಕಂಪನಿಯವರ ಹತ್ತಿರ ಮಾತಾಡಿ 12 ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಕೊಡಿಸುತ್ತಿದ್ದಾರೆ. ಹೆಡ್‌ಮಾಸ್ಟರ್ "ನೀವೇ ನೋಡಿಕೊಳ್ಳಿ ಸರ್" ಅಂತ ಬೀಗದಕೈ ಕೊಟ್ಟರು.

ಅದು ಹಳೆ ಲ್ಯಾಬಿನ ಬೀಗದಕೈ. ಹಿಂದೆ ಒಂದು ಯೋಜನೆಯಲ್ಲಿ 10 ಸಿಸ್ಟಮ್ ಬಂದಿದ್ದವು. ಐದು ವರ್ಷ ಒಬ್ಬ ಹುಡುಗ ಬಂದು ಪಾಠ ಮಾಡಿದ. ಕಾಂಟ್ರ್ಯಾಕ್ಟ್ ಮುಗಿಯಿತು, ಅವನೂ ಹೋದ. ಮೊನ್ನೆ ಬಾಗಿಲು ತೆಗೆದೆ. ಒಂದು ಮೂಲೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆ. ಮಾನಿಟರ್‌ಗಳ ಮೇಲೆ ಹೂವಿನ ಚಿತ್ರದ ಬಟ್ಟೆ ಕವರ್, ಯಾರೋ ಟೀಚರ್ ಕೈಯಾರೆ ಹೊಲಿದದ್ದು. ಒಂದು ಸಿಪಿಯು ಬಿಚ್ಚಿದರೆ ಒಳಗೆ ಹಲ್ಲಿಮೊಟ್ಟೆ. ಯುಪಿಎಸ್ ಬ್ಯಾಟರಿಗಳು ಊದಿಕೊಂಡಿವೆ. ಆ ಕವರ್ ನೋಡಿ ನನಗೆ ತುಂಬಾ ಬೇಜಾರಾಯಿತು. ಅಷ್ಟು ಜೋಪಾನ ಮಾಡಿದವರಿದ್ದರೂ ಲ್ಯಾಬ್ ಉಳಿಯಲಿಲ್ಲ.

ಮೂರು ವರ್ಷ ಆದಮೇಲೂ ಹೊಸ ಕಂಪ್ಯೂಟರ್ ಓಡಬೇಕು. ತಗೊಳ್ಳುವ ಮೊದಲೇ ಏನು ಕೇಳಬೇಕು? ವಿಂಡೋಸ್ ಹಾಕಿಸಲಾ, ಉಚಿತವಾಗಿ ಸಿಗುವ ಲಿನಕ್ಸ್ ಬಗೆಯ ಉಬುಂಟುವಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಸ್ಕ್ರೂಡ್ರೈವರ್
ಮೇಷ್ಟ್ರೇ, ನಾನು ತಾಲೂಕು ಕೇಂದ್ರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಹೊಸದು ಆಮೇಲೆ. ಮೊದಲು ಅರ್ತಿಂಗ್ ನೋಡಿಸಿ. ಮಲ್ಟಿಮೀಟರ್‌ನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ವೋಲ್ಟೇಜ್ ಅಳೆಯಿರಿ. ಎರಡು ಮೂರು ವೋಲ್ಟ್ ಒಳಗಿದ್ದರೆ ಸರಿ. ಹತ್ತು, ಹದಿನೈದು ತೋರಿಸಿದರೆ ಹೊಸ ಯಂತ್ರ ಜೋಡಿಸಲೇಬೇಡಿ. ಅರ್ತ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹುಯ್ಯಿಸಿ. ಶಾಲೆಗಳಲ್ಲಿ ಸುಟ್ಟುಹೋದ ಎಸ್‌ಎಂಪಿಎಸ್, ಅಂದರೆ ಸಿಪಿಯು ಒಳಗಿನ ಕರೆಂಟ್ ಡಬ್ಬ, ಎಷ್ಟು ಬದಲಾಯಿಸಿದ್ದೇನೋ ಲೆಕ್ಕ ಇಲ್ಲ. ಜಾಸ್ತಿ ಕಡೆ ಕಾರಣ ಇದೇ.

ಎರಡನೇದು, ಆ ಹಳೆ 10 ಸತ್ತಿವೆ ಅಂತ ಯಾರು ಹೇಳಿದರು? ಆನ್ ಮಾಡಿ ನೋಡಿದಿರಾ?

ಗಣಿತದ_ಮೇಷ್ಟ್ರು
ಮಾಡಿದೆ. ಎರಡು ಆನ್ ಆದವು. ಆದರೆ ನನ್ನ ಮೊಬೈಲಿನಿಂದ ನೆಟ್ ಕೊಟ್ಟರೂ ಯಾವ ವೆಬ್‌ಸೈಟೂ ತೆರೆಯಲಿಲ್ಲ. ಸುರಕ್ಷಿತವಲ್ಲ ಅಂತ ಬರುತ್ತದೆ. ಉಳಿದವು ಬೀಪ್ ಬೀಪ್ ಅಂದು ಸುಮ್ಮನಾಗುತ್ತವೆ.

ಸ್ಕ್ರೂಡ್ರೈವರ್
ಪರದೆಯ ಮೂಲೆಯಲ್ಲಿ ತಾರೀಖು ನೋಡಿ ಸರ್. ಹಳೇ ವರ್ಷ ತೋರಿಸುತ್ತಿರಬೇಕು. ಮದರ್‌ಬೋರ್ಡ್ ಮೇಲೆ ರೂಪಾಯಿ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್ 2032. ಅದು ಮುಗಿದರೆ ಗಡಿಯಾರ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದ್ದರೆ ವೆಬ್‌ಸೈಟ್‌ಗಳ ಸರ್ಟಿಫಿಕೇಟ್ ತಾಳೆಯಾಗುವುದಿಲ್ಲ, ಬ್ರೌಸರ್ ತಡೆಯುತ್ತದೆ. ಒಂದು ಕಡೆ "ಇಂಟರ್‌ನೆಟ್ ಬರಲ್ಲ" ಅಂತ ಒಂದು ವರ್ಷ ಲ್ಯಾಬ್ ಮುಚ್ಚಿದ್ದರು. ನಾನು ಹೋಗಿ ಸೆಲ್ ಹಾಕಿ ತಾರೀಖು ಸರಿಮಾಡಿದೆ, ಅಷ್ಟೇ.

ಬೀಪ್ ಅನ್ನುವವಕ್ಕೆ ಪವರ್ ವೈರ್ ಪೂರ್ತಿ ತೆಗೆದು, ರ‍್ಯಾಮ್ ಹೊರಗೆಳೆದು, ಅದರ ಬಂಗಾರ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ. ಪುಡಿ ಒರೆಸಿ, ಮತ್ತೆ ಕಟಕ್ ಅನ್ನುವಂತೆ ಒತ್ತಿ. ಊದಿದ ಬ್ಯಾಟರಿಗೆ ಮಾತ್ರ ಚಾರ್ಜ್ ಕೊಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಬ್ಯಾಟರಿ ಅಂಗಡಿಗೆ ಹಳೇದು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿಮೆ ಮಾಡಿಕೊಡುತ್ತಾರೆ.

ನಿವೃತ್ತ_ಗುಮಾಸ್ತ
ಕೊನೇ ಮಾತು ತಪ್ಪು. ಹಾಗೆ ಮಾಡಿದರೆ ಮೇಷ್ಟ್ರು ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಾರೆ. ಆ ಬ್ಯಾಟರಿ ಸ್ಟಾಕ್ ಬುಕ್‌ನಲ್ಲಿದೆ. ಪಟ್ಟಿ ಮಾಡಿ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿ, ಮೇಲಿನವರಿಗೆ ಪತ್ರ ಬರೆದು, ಅನುಪಯುಕ್ತ ಅಂತ ಒಪ್ಪಿಗೆ ಬಂದಮೇಲೆ ವಿಲೇವಾರಿ. 31 ವರ್ಷ ಕಚೇರಿಯಲ್ಲಿ ಕೂತು ನೋಡಿದ್ದೇನೆ. ಒಳ್ಳೆ ಮನಸ್ಸಿನಿಂದ ಹಳೆ ಸಾಮಾನು ಕೊಟ್ಟ ಹೆಡ್‌ಮಾಸ್ಟರ್‌ಗಳು ರಿಟೈರ್ ಆಗುವಾಗ ಪಿಂಚಣಿ ಕಾಗದಕ್ಕೆ ಅಲೆದಿದ್ದಾರೆ.

ಸ್ಕ್ರೂಡ್ರೈವರ್
ಸರ್, ಆ ಒಪ್ಪಿಗೆ ಬರುವಷ್ಟರಲ್ಲಿ ಬ್ಯಾಟರಿ ಸೋರಿ ನೆಲ ತಿನ್ನುತ್ತದೆ.

ನಿವೃತ್ತ_ಗುಮಾಸ್ತ
ಅದಕ್ಕೇ ಇವತ್ತೇ ಪತ್ರ ಹಾಕಲಿ ಅಂತ ಹೇಳುತ್ತಿರುವುದು. ಸ್ವೀಕೃತಿ ಮೊಹರು ಹಾಕಿಸಿಕೊಂಡು ಪ್ರತಿ ಇಟ್ಟುಕೊಳ್ಳಲಿ. ಅಲ್ಲಿಯವರೆಗೆ ಬ್ಯಾಟರಿಗಳನ್ನು ಮಕ್ಕಳು ಓಡಾಡದ, ಗಾಳಿಯಾಡುವ ಜಾಗದಲ್ಲಿ ಪ್ಲಾಸ್ಟಿಕ್ ಟ್ರೇ ಮೇಲೆ ಇಡಲಿ.

ಹೊಸದಕ್ಕೂ ಹೇಳುತ್ತೇನೆ. ದಾನಿಗಳಿಂದ ಬಿಲ್ಲಿನ ಪ್ರತಿ ಕೇಳಿ. ಪ್ರತಿ ಯಂತ್ರದ ಸೀರಿಯಲ್ ನಂಬರ್ ಸ್ಟಾಕ್ ಬುಕ್‌ಗೆ ಏರಿಸಿ. ವಾರಂಟಿ ಶಾಲೆ ಹೆಸರಿನಲ್ಲೇ ಇರಲಿ. ಬಿಲ್ ದಾನಿಗಳ ಹೆಸರಿನಲ್ಲಿದ್ದು, ಅವರ ಫೋನ್ ಬದಲಾಗಿ, ವಾರಂಟಿ ಇದ್ದೂ ದುಡ್ಡು ಕೊಟ್ಟು ರಿಪೇರಿ ಮಾಡಿಸಿದ್ದು ನಾನೇ ನೋಡಿದ್ದೇನೆ.

ಹೊಲ_ಮನೆ
ಎಲ್ಲರೂ ಬೈಯಬಹುದು, ಆದರೂ ಹೇಳುತ್ತೇನೆ. ನಮ್ಮೂರ ಶಾಲೆಯಲ್ಲಿ ಇಂಗ್ಲಿಷ್‌ಗೆ ಮೇಷ್ಟ್ರಿಲ್ಲ, ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿಲ್ಲ. ಯಾರೋ ಬಂದು ಕಂಪ್ಯೂಟರ್ ಕೊಟ್ಟು, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು ಹೋದರು. ಹಳ್ಳಿ ಮಕ್ಕಳಿಗೆ ಮೊದಲು ಓದಲು ಬರೆಯಲು ಬರಲಿ. ತ್ರಿಕೋನ ತೋರಿಸಲು ಕಂಪ್ಯೂಟರ್ ಯಾಕೆ? ಕಾಗದದಲ್ಲಿ ತ್ರಿಕೋನ ಕತ್ತರಿಸಿ ಮೂರು ಮೂಲೆ ಹರಿದು ಜೋಡಿಸಿದರೆ ನೇರ ಗೆರೆ ಆಗುತ್ತದೆ. ನಮ್ಮ ಮೇಷ್ಟ್ರು ಹಾಗೇ ಕಲಿಸಿದ್ದು, ಇವತ್ತಿಗೂ ನೆನಪಿದೆ.

ವಿಜ್ಞಾನ_ಟೀಚರ್
ಅಣ್ಣ, ಶೌಚಾಲಯದ ಮಾತು ನೂರಕ್ಕೆ ನೂರು ನಿಜ, ಅದರಲ್ಲಿ ಜಗಳವೇ ಇಲ್ಲ. ಕಾಗದ ಹರಿಯುವುದನ್ನು ನಾನೂ ಮಾಡಿಸುತ್ತೇನೆ.

ಆದರೆ ನಮ್ಮ ಎಂಟನೇ ತರಗತಿಯ ಒಂದು ಹುಡುಗಿ ಜಿಯೋಜೀಬ್ರಾ ಅನ್ನುವ ಗಣಿತದ ತಂತ್ರಾಂಶದಲ್ಲಿ ತ್ರಿಕೋನದ ಒಂದು ತುದಿ ಹಿಡಿದು ಎಳೆಯುತ್ತಾ ಕೂತಿದ್ದಳು. ಮೂರು ಕೋನಗಳ ಅಳತೆ ಬದಲಾಗುತ್ತಿತ್ತು, ಮೊತ್ತ ಮಾತ್ರ 180. ಎಳೆದಳು, ಎಳೆದಳು, ತ್ರಿಕೋನ ಕಡ್ಡಿಯ ಹಾಗೆ ಸಪೂರ ಆಯಿತು. "ಟೀಚರ್, ಇನ್ನೂ ಎಳೆದರೆ ಒಂದು ಕೋನವೇ 180 ಆಗತ್ತಾ?" ಅಂತ ಕೇಳಿದಳು. ಆ ಪ್ರಶ್ನೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಕಾಗದದಲ್ಲಿ ಒಂದು ತ್ರಿಕೋನ ಸಿಗುತ್ತದೆ, ಅಲ್ಲಿ ಅವಳಿಗೆ ಸಾವಿರ ಸಿಕ್ಕಿದವು. ಅವಳಪ್ಪ ಕೂಲಿ ಮಾಡುತ್ತಾರೆ. ಮನೆಯಲ್ಲಿ ಕಂಪ್ಯೂಟರ್ ಬರುವ ಮಾತೇ ಇಲ್ಲ. ಶಾಲೆಯಲ್ಲೂ ಬೇಡ ಅಂದರೆ ಅವಳು ಎಲ್ಲಿಗೆ ಹೋಗಬೇಕು?

ಹೊಲ_ಮನೆ
ಈ ಮಾತು ಒಪ್ಪಿದೆ ಟೀಚರ್. ಆದರೆ ನಿಮ್ಮಂಥವರು ಎಲ್ಲ ಶಾಲೆಯಲ್ಲೂ ಇಲ್ಲವಲ್ಲ. ನಿಮಗೆ ವರ್ಗ ಆದರೆ ಆ ಲ್ಯಾಬ್ ಗತಿ?

ಗಣಿತದ_ಮೇಷ್ಟ್ರು
ನನ್ನ ಭಯವೂ ಅದೇ.

ಗಡಿನಾಡ_ಕನ್ನಡಿಗ
ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಿಂದ ಬರೆಯುತ್ತಿದ್ದೇನೆ. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರುವಾಯಿತು. 2017ರಲ್ಲಿ ಅದೇ ಕೈಟ್ ಎಂಬ ಸರ್ಕಾರಿ ಕಂಪನಿ ಆಯಿತು. ಹೈಸ್ಕೂಲ್‌ಗಳಲ್ಲಿ ಒಬ್ಬ ಟೀಚರ್‌ಗೆ ಐಟಿ ಸಂಯೋಜಕರ ಹೊಣೆ ಇರುತ್ತದೆ. ಅವರೇನೂ ಇಂಜಿನಿಯರ್ ಅಲ್ಲ. ಹಿಂದಿ ಟೀಚರೋ ಸಮಾಜ ವಿಜ್ಞಾನದ ಟೀಚರೋ ಆಗಿರಬಹುದು. ಅವರಿಗೆ ತರಬೇತಿ ಉಂಟು, ಮೇಲೆ ಜಿಲ್ಲೆಯಲ್ಲಿ ಕೇಳಲು ಜನ ಉಂಟು. ಎಲ್ಲ ಶಾಲೆಯಲ್ಲೂ ಒಂದೇ ಥರದ ಲಿನಕ್ಸ್ ಇರುವುದರಿಂದ ಒಂದು ಶಾಲೆಯಲ್ಲಿ ಕಲಿತದ್ದು ಇನ್ನೊಂದಕ್ಕೆ ವರ್ಗವಾದರೂ ಉಪಯೋಗಕ್ಕೆ ಬರುತ್ತದೆ.

2018ರಿಂದ ಲಿಟಲ್ ಕೈಟ್ಸ್ ಅಂತ ಮಕ್ಕಳ ಕ್ಲಬ್ ಇದೆ. ಎಂಟನೇ ತರಗತಿಯಲ್ಲಿ ಪರೀಕ್ಷೆ ಇಟ್ಟು ಆರಿಸುತ್ತಾರೆ. ನಮ್ಮಲ್ಲಿ ಪ್ರೊಜೆಕ್ಟರ್ ವೈರ್ ಸಡಿಲವಾದರೆ ಮೊದಲು ಓಡಿ ಬರುವುದು ಆ ಮಕ್ಕಳೇ. ಟೀಚರ್ ವರ್ಗವಾಗಬಹುದು, ಎಂಟನೇ ತರಗತಿ ಮಕ್ಕಳು ಇನ್ನೂ ಎರಡು ವರ್ಷ ಅಲ್ಲೇ ಇರುತ್ತಾರೆ. ಅಷ್ಟರಲ್ಲಿ ಮುಂದಿನ ಬ್ಯಾಚ್ ತಯಾರು.

ವಿಜ್ಞಾನ_ಟೀಚರ್
ನಮ್ಮಲ್ಲೂ ಕೆಲಸ ಆಗಿಲ್ಲ ಅಂತಲ್ಲ. 2011ರಿಂದ ವಿಷಯ ಶಿಕ್ಷಕರ ವೇದಿಕೆ ಇತ್ತು. ಟೀಚರ್‌ಗಳೇ ಸೇರಿ ಕೊಯರ್ ಅನ್ನುವ ಮುಕ್ತ ಸಂಪನ್ಮೂಲ ತಾಣಕ್ಕೆ ಕನ್ನಡದಲ್ಲಿ ಪಾಠ ಬರೆದೆವು. ಆಮೇಲೆ ಕಂಪ್ಯೂಟರ್ ಬಳಸಿ ಪಾಠ ಮಾಡುವ ಟಾಲ್ಪ್ ತರಬೇತಿ ಬಂತು, ನಾನು ಉಬುಂಟು ಕಲಿತದ್ದೇ ಅಂಥ ತರಬೇತಿಗಳಲ್ಲಿ. ತರಬೇತಿ ಚೆನ್ನಾಗಿತ್ತು. ವಾಪಸ್ ಬಂದಮೇಲೆ ಫೋನ್ ಮಾಡಿ ಕೇಳಲು ಒಬ್ಬರಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಹತ್ತು ದಿನ ಕಲಿತು, ಹನ್ನೊಂದನೇ ದಿನ ಪ್ರಿಂಟರ್ ಓಡದಿದ್ದರೆ ಟೀಚರ್ ಮತ್ತೆ ಸೀಮೆಸುಣ್ಣಕ್ಕೆ ಹೋಗುತ್ತಾಳೆ. ಅದು ಅವಳ ತಪ್ಪಲ್ಲ.

ಕೀಲಿಮಣೆ
ಉಬುಂಟುವೇ ಹಾಕಿ ಸರ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಕಂಪನಿಗಳು ಈಗ ಕೊಡುತ್ತಿರುವುದು ಜಾಸ್ತಿ ತಾವು ಬಳಸಿ ಬಿಟ್ಟ ಯಂತ್ರಗಳೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸುಮಾರಾಗಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ದಾನಿಗಳನ್ನು ನೇರವಾಗಿ ಕೇಳಿ, ಹೊಸದಾ ಹಳೇದಾ, ಯಾವ ತಲೆಮಾರು. ಕೇಳಲು ಸಂಕೋಚ ಬೇಡ.

ಎಸ್‌ಡಿಎಂಸಿ_ಅಪ್ಪ
ಉಬುಂಟು ಹಾಕಿದರೆ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಓಡುವುದಿಲ್ಲ, ಶಾಲೆಯ ಪತ್ರಗಳೆಲ್ಲ ನುಡಿಯಲ್ಲಿವೆ. ನಾಳೆ ಮಕ್ಕಳು ಕೆಲಸಕ್ಕೆ ಹೋದಾಗ ವಿಂಡೋಸ್ ಬರಲ್ಲ ಅಂದರೆ?

ಕೀಲಿಮಣೆ
ನುಡಿಯ ಹಳೆ ಫೈಲ್‌ಗಳನ್ನು ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ಇದೆ. ಉಬುಂಟುವಿನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡ ಕಗಪ ಅಂತಲೇ ಒಂದು ಕೀಲಿ ಜೋಡಣೆ ಇದೆ, ನುಡಿ ಬೆರಳಿಗೆ ರೂಢಿಯಿದ್ದವರಿಗೆ ಕಷ್ಟ ಆಗುವುದಿಲ್ಲ. ಇನ್ನು ಕೆಲಸದ ಮಾತು. ಎಂಟನೇ ತರಗತಿ ಮಗು ಕೆಲಸಕ್ಕೆ ಹೋಗುವಷ್ಟರಲ್ಲಿ ಎಲ್ಲ ಬದಲಾಗಿರುತ್ತದೆ. ಫೈಲ್ ಅಂದರೇನು, ಫೋಲ್ಡರ್ ಅಂದರೇನು, ತಪ್ಪಾದರೆ ಹೇಗೆ ಹುಡುಕಬೇಕು, ಅದು ಬರಬೇಕು.

ಎಸ್‌ಡಿಎಂಸಿ_ಅಪ್ಪ
ಆಫೀಸಿನ ಒಂದು ಯಂತ್ರದಲ್ಲಾದರೂ ವಿಂಡೋಸ್ ಇರಲಿ. ಅಷ್ಟಕ್ಕೆ ಒಪ್ಪಿ.

ಕೀಲಿಮಣೆ
ಒಪ್ಪಿದೆ.

ಹಳ್ಳಿ_ಹೆಡ್‌ಮೇಡಂ
ಆಫೀಸಿನ ಯಂತ್ರದ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ನಮ್ಮಲ್ಲಿ ಚೆನ್ನಾಗಿ ಓಡುವುದು ಒಂದೇ ಕಂಪ್ಯೂಟರ್. ಅದರಲ್ಲಿ ಸ್ಯಾಟ್ಸ್, ಯುಡೈಸ್ ಅನ್ನುವ ಸರ್ಕಾರಿ ಮಾಹಿತಿ ತಾಣಗಳು, ಮಕ್ಕಳ ಗುರುತಿನ ಸಂಖ್ಯೆಯಾದ ಅಪಾರ್ ಐಡಿ, ಬಿಸಿಯೂಟದ ಲೆಕ್ಕ. ಆಧಾರ್‌ನಲ್ಲಿ ಮಗುವಿನ ಹೆಸರಿನ ಒಂದು ಅಕ್ಷರ ಬೇರೆ ಇದ್ದರೆ ಅಪಾರ್ ಆಗಲ್ಲ. ಅಪ್ಪ ಅಮ್ಮನ್ನ ಕರೆಸಿ, ತಿದ್ದಿಸಿ, ಮತ್ತೆ ಹಾಕಬೇಕು. ಹಗಲು ಸರ್ವರ್ ನಿಧಾನ ಅಂತ ರಾತ್ರಿ 11ಕ್ಕೆ ಮನೆಯಲ್ಲಿ ಕೂತು ಮಾಡಿದ್ದೇನೆ. ಮಕ್ಕಳಿಗೆ ಅಂತ ಬಂದ ಯಂತ್ರ ಮಕ್ಕಳ ಲೆಕ್ಕಕ್ಕೆ ಹೋಯಿತು. ಮೇಷ್ಟ್ರೇ, ಮೊದಲ ದಿನವೇ ಬರೆದಿಡಿ: ಲ್ಯಾಬ್ ಯಂತ್ರ ಒಂದೂ ಆಫೀಸಿಗೆ ಬರಬಾರದು. ಹೆಡ್‌ಮೇಡಂ ಆಗಿ ನಾನೇ ಹೇಳುತ್ತಿದ್ದೇನೆ.

ಮಲೆನಾಡ_ಮಳೆ
ಮಲೆನಾಡಿನವರಿಗೆ ಒಂದು ಮಾತು. ಸಿಡಿಲು ಬಂದಾಗ ಪವರ್ ವೈರ್ ಮಾತ್ರ ತೆಗೆದರೆ ಸಾಲದು. ನೆಟ್‌ವರ್ಕ್ ಕೇಬಲ್ಲೂ ತೆಗೆಯಬೇಕು. ನಮ್ಮಲ್ಲಿ ಸಿಡಿಲು ಬಂದದ್ದು ಬ್ರಾಡ್‌ಬ್ಯಾಂಡ್ ವೈರಿನಲ್ಲಿ. ಯಂತ್ರಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನಿಂದ ಆರು ಯಂತ್ರದ ಲ್ಯಾನ್ ಪೋರ್ಟ್ (ಆ ಕೇಬಲ್ ಚುಚ್ಚುವ ಜಾಗ) ಹೋದವು. ಮಳೆಗಾಲದಲ್ಲಿ ರಜೆ ಇದ್ದರೂ ವಾರಕ್ಕೆ ಎರಡು ಸಲ ಒಂದು ಗಂಟೆ ಆನ್ ಮಾಡಿಡಿ, ಒಳಗಿನ ತೇವ ಆರುತ್ತದೆ. ಇಲಿ ಬರುವ ಕಡೆ ವೈರ್‌ಗಳನ್ನು ಪೈಪಿನಲ್ಲಿ ಹಾಕಿ. ಅಕ್ಕಿ ಮೂಟೆ ಪಕ್ಕ ಲ್ಯಾಬ್ ಅಂದಿರಲ್ಲ, ಅಕ್ಕಿ ಇದ್ದ ಕಡೆ ಇಲಿ ಬಂದೇ ಬರುತ್ತದೆ.

ದೂರದೂರು
ನಾನು ಅಮೆರಿಕದ ಒಂದು ಸರ್ಕಾರಿ ಶಾಲಾ ಜಿಲ್ಲೆಯ ತಾಂತ್ರಿಕ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಊರು ಹಾಸನದ ಕಡೆ. ಇಲ್ಲಿ ಶಾಲೆಗಳ ಇಂಟರ್‌ನೆಟ್ಟಿಗೆ ಇ-ರೇಟ್ ಅಂತ ರಿಯಾಯಿತಿ ಇದೆ. 1996ರ ದೂರಸಂಪರ್ಕ ಕಾಯ್ದೆಯಿಂದ ಬಂದದ್ದು. ಬಡ ಮಕ್ಕಳು ಎಷ್ಟಿದ್ದಾರೆ ಅನ್ನುವುದರ ಮೇಲೆ ಶೇ 20ರಿಂದ 90ರವರೆಗೆ ಸಿಗುತ್ತದೆ. ಆದರೆ ಮಕ್ಕಳ ಕೈಗೆ ಕೊಡುವ ಯಂತ್ರಕ್ಕೆ ಅದರಲ್ಲಿ ದುಡ್ಡಿಲ್ಲ. ಆ ಲೆಕ್ಕ ಜಿಲ್ಲೆಯದ್ದೇ. ಹಾಗಾಗಿ ಕೊಳ್ಳುವ ದಿನವೇ ಇದನ್ನು ಯಾವ ವರ್ಷ ಬದಲಾಯಿಸುತ್ತೇವೆ ಅಂತ ಬರೆದಿಡುತ್ತೇವೆ. ಗೂಗಲ್ ತಂತ್ರಾಂಶದ ಲ್ಯಾಪ್‌ಟಾಪ್‌ಗಳಾದ ಕ್ರೋಮ್‌ಬುಕ್‌ಗಳಿಗೆ ಅಪ್‌ಡೇಟ್ ಯಾವಾಗ ನಿಲ್ಲುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. 2023ರಲ್ಲಿ ಗೂಗಲ್ ಅದನ್ನು 10 ವರ್ಷಕ್ಕೆ ಏರಿಸಿತು.

ಹೊಲ_ಮನೆ
ಅಮೆರಿಕದ ದುಡ್ಡಿನ ಕಥೆ ನಮಗೆ ಯಾಕೆ ಅಣ್ಣ? ಇಲ್ಲಿ ಸೀಮೆಸುಣ್ಣಕ್ಕೇ ಲೆಕ್ಕ ಕೇಳುತ್ತಾರೆ.

ದೂರದೂರು
ದುಡ್ಡಿಲ್ಲದೆ ಆಗುವುದನ್ನೇ ಹೇಳುತ್ತೇನೆ ಕೇಳಿ. ಪ್ರತಿ ಯಂತ್ರದ ಮೇಲೆ ದೊಡ್ಡದಾಗಿ ನಂಬರ್ ಬರೆಯಿರಿ. ಬಾಗಿಲ ಪಕ್ಕ ದಾರ ಕಟ್ಟಿ ಒಂದು 200 ಪುಟದ ನೋಟ್‌ಬುಕ್ ತೂಗುಹಾಕಿ. ಯಂತ್ರದ ನಂಬರ್, ಏನು ಕೆಟ್ಟಿತು, ಯಾವ ದಿನ, ಯಾರು ನೋಡಿದರು, ಏನು ಮಾಡಿದರು. ಇಲ್ಲಿ ಅದನ್ನೇ ಸಾಫ್ಟ್‌ವೇರಿನಲ್ಲಿ ಟಿಕೆಟ್ ಅನ್ನುತ್ತೇವೆ. ಆರು ತಿಂಗಳಾದ ಮೇಲೆ ಪುಸ್ತಕ ತಿರುವಿ. ಒಂದೇ ಯಂತ್ರ ಐದು ಸಲ ಬಂದಿದ್ದರೆ, ಎಲ್ಲ ಯಂತ್ರದ ಮೌಸ್ ಹೋಗುತ್ತಿದ್ದರೆ ಗೊತ್ತಾಗುತ್ತದೆ. ಹೊಸ ಮೇಷ್ಟ್ರು ಬಂದರೆ ಅವರಿಗೆ ಹಳೆಯ ಸಂಗತಿ ಹೇಳುವುದೂ ಆ ಪುಸ್ತಕವೇ. ಮತ್ತೆ, ಎರಡು ಮೌಸ್, ಎರಡು ಕೀಬೋರ್ಡ್, ಒಂದು ಎಸ್‌ಎಂಪಿಎಸ್ ಹೆಚ್ಚಿಗೆ ಕೇಳಿ ಇಟ್ಟುಕೊಳ್ಳಿ.

ಹೊಲ_ಮನೆ
ನೋಟ್‌ಬುಕ್ ಸರಿ ಅನಿಸಿತು. ನಮ್ಮ ಟ್ರ್ಯಾಕ್ಟರಿಗೂ ಹಾಗೇ ಒಂದು ಇಟ್ಟಿದ್ದೇನೆ.

ನಿವೃತ್ತ_ಗುಮಾಸ್ತ
ದುಡ್ಡಿನ ಲೆಕ್ಕ ಬಂದದ್ದಕ್ಕೆ ಸೇರಿಸುತ್ತೇನೆ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯಲ್ಲಿ ಐಸಿಟಿ (ಕಂಪ್ಯೂಟರ್) ಲ್ಯಾಬಿಗೆ ಒಂದು ಸಲಕ್ಕೆ 6.40 ಲಕ್ಷ, ಆಮೇಲೆ ವರ್ಷಕ್ಕೆ 2.40 ಲಕ್ಷದಂತೆ ಐದು ವರ್ಷ ಅಂತ ಮಿತಿ ಇಟ್ಟಿದ್ದಾರೆ. ಎರಡೂ ಕೂಡಿಸಿ ನೋಡಿ. ಐದು ವರ್ಷದ ನಿರ್ವಹಣೆಯೇ 12 ಲಕ್ಷ, ಅಂದರೆ ಸಾಮಾನಿನ ಬೆಲೆಗೆ ಹೆಚ್ಚುಕಡಿಮೆ ಎರಡರಷ್ಟು. ದಾನದ ಲ್ಯಾಬಿಗೆ ಇದು ಬರುವುದಿಲ್ಲ. ನಿಮ್ಮ 186 ಮಕ್ಕಳಿಗೆ ಸಂಯುಕ್ತ ಶಾಲಾ ಅನುದಾನ ಇರುವುದು ವರ್ಷಕ್ಕೆ 50,000. ಅದರಲ್ಲಿ ಶೇ 10 ಸ್ವಚ್ಛತೆಗೆ. ಉಳಿದದ್ದರಲ್ಲಿ ಸುಣ್ಣಬಣ್ಣ, ರಿಜಿಸ್ಟರು, ನಲ್ಲಿ ರಿಪೇರಿ, ಎಲ್ಲ.

ಎಸ್‌ಡಿಎಂಸಿ_ಅಪ್ಪ
ಕರೆಂಟ್ ಬಿಲ್ಲಾದರೂ ಉಳಿಯುತ್ತದಲ್ಲ. 2023ರ ನವೆಂಬರ್ 1ರಿಂದ ಸರ್ಕಾರಿ ಶಾಲೆಗೆ ಕರೆಂಟ್, ನೀರು ಉಚಿತ.

ಸ್ಕ್ರೂಡ್ರೈವರ್
ಬಿಲ್ ಉಳಿಯುತ್ತದೆ, ಆದರೆ ಮಂಜೂರಾದ ಲೋಡ್ ಎಷ್ಟು ಅಂತ ನೋಡಿ. ಯಂತ್ರಕ್ಕೆ 100 ವ್ಯಾಟ್ ಹಿಡಿದರೆ 12ಕ್ಕೆ 1200, ಪ್ರೊಜೆಕ್ಟರ್ 300. ಫ್ಯಾನ್ ಬೇರೆ. ಹಳೆ ಕಟ್ಟಡದ ತೆಳು ವೈರಿನಲ್ಲಿ ಎಳೆದರೆ ಬಿಸಿಯಾಗುತ್ತದೆ. ಲ್ಯಾಬಿಗೆ ಮೇನ್ ಬೋರ್ಡಿನಿಂದ ಬೇರೆ ಲೈನ್ ಎಳೆಸಿ. ಯುಪಿಎಸ್ 3 ಕೆವಿಎ ಬೇಕು. ಬ್ಯಾಟರಿಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ದುಡ್ಡು ಬೇಕೇ ಬೇಕು. ನೀರು ಹಾಕುತ್ತಿರಬೇಕಾದ ಟ್ಯೂಬುಲರ್ ಬ್ಯಾಟರಿ ಹಾಕಿಸಿದರೆ ಡಿಸ್ಟಿಲ್ಡ್ ವಾಟರ್ ಯಾರು ಹಾಕುತ್ತಾರೆ ಅಂತ ಹೆಸರು ಬರೆದಿಡಿ.

ವಿಜ್ಞಾನ_ಟೀಚರ್
ಇನ್ನೊಂದು, ಇದನ್ನು ಯಾರೂ ಹೇಳಲಿಲ್ಲ. ಮೂರು ಮಕ್ಕಳಿಗೆ ಒಂದು ಯಂತ್ರ ಅಂದರೆ ಮೌಸ್ ಹಿಡಿಯುವುದು ಗಂಡುಹುಡುಗರೇ. ಹೆಣ್ಣುಮಕ್ಕಳು ಹಿಂದೆ ನಿಂತು ನೋಡುತ್ತಾರೆ. ನಾನು 15 ನಿಮಿಷಕ್ಕೊಮ್ಮೆ ಚಪ್ಪಾಳೆ ತಟ್ಟುತ್ತೇನೆ, ಆಗ ಎಲ್ಲರೂ ಒಂದು ಜಾಗ ಎಡಕ್ಕೆ. ಮೌಸ್ ಹಿಡಿದವರು ಹೇಳಿದಂತೆ ಮಾಡಬೇಕು, ಪಕ್ಕದವರು ಹೇಳಬೇಕು, ಮೂರನೆಯವರು ಬರೆಯಬೇಕು. ಮೊದಲ ವಾರ ಗಲಾಟೆ ಆಯಿತು, ಆಮೇಲೆ ರೂಢಿಯಾಯಿತು.

ನೆಟ್ ಇಲ್ಲ ಅಂತ ಪಾಠ ನಿಲ್ಲಿಸಬೇಡಿ. ಜಿಯೋಜೀಬ್ರಾಗೆ ನೆಟ್ ಬೇಡ. ಕಿವಿಕ್ಸ್ ಅನ್ನುವ ತಂತ್ರಾಂಶ ಹಾಕಿಕೊಂಡರೆ ಕನ್ನಡ ವಿಕಿಪೀಡಿಯವನ್ನು ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ಓದಬಹುದು.

ಗಣಿತದ_ಮೇಷ್ಟ್ರು
ಹತ್ತು ದಿನ ಆಯಿತು, ಆಗಿದ್ದು ಹೇಳುತ್ತೇನೆ.

ಭಾನುವಾರ ಎಂಟನೇ ತರಗತಿಯ ನಾಲ್ಕು ಮಕ್ಕಳನ್ನು ಮನೆಯವರ ಒಪ್ಪಿಗೆ ತಗೊಂಡು ಕರೆದುಕೊಂಡು ಬಂದೆ. ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಸಿಪಿಯುಗಳನ್ನು ಹೊರಗೆ ಜಗಲಿಗೆ ತಂದು ಪೇಂಟ್ ಬ್ರಷ್‌ನಲ್ಲಿ ಧೂಳು ತೆಗೆದೆವು. ತಾರೀಖು ನೋಡಿದರೆ 2009ರ ಜನವರಿ 1. ಒಬ್ಬ ಹುಡುಗಿ "ಸರ್, ಇದು ನಾನು ಹುಟ್ಟುವ ಮುಂಚಿನದು" ಅಂದಳು. ಸೆಲ್ ಹಾಕಿ, ರ‍್ಯಾಮ್ ಉಜ್ಜಿದೆವು. 10ರಲ್ಲಿ 6 ಓಡುತ್ತಿವೆ. ಆರನೆಯದು ಆನ್ ಆದಾಗ ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದು ನೋಡಿದರು.

ಅರ್ತ್ ಅಳೆಸಿದೆ, 14 ವೋಲ್ಟ್ ಬಂತು. ದಾನಿಗಳಿಗೆ ಅದನ್ನೇ ಹೇಳಿದೆ. 12 ಬೇಡ, 9 ಕೊಡಿ, ಉಳಿದ ದುಡ್ಡಿನಲ್ಲಿ ಅರ್ತಿಂಗ್, ಬೇರೆ ಲೈನ್, ಯುಪಿಎಸ್, ಮೂರು ವರ್ಷದ ಆನ್‌ಸೈಟ್ ವಾರಂಟಿ ಕೊಡಿಸಿ ಅಂದೆ. ಅವರು ಒಂದು ನಿಮಿಷ ಸುಮ್ಮನಿದ್ದರು. "ಇದುವರೆಗೆ ಯಾವ ಶಾಲೆಯೂ ಕಡಿಮೆ ಕೊಡಿ ಅಂತ ಕೇಳಿರಲಿಲ್ಲ" ಅಂದರು, ಒಪ್ಪಿದರು. ಬ್ಯಾಟರಿ ಪತ್ರ ಹೋಗಿದೆ, ಮೊಹರು ಹಾಕಿಸಿದ ಪ್ರತಿ ನನ್ನ ಹತ್ತಿರ ಇದೆ. ಅಕ್ಕಿ ಮೂಟೆಗೆ ಬೇರೆ ಕೋಣೆ ಸಿಕ್ಕಿತು. ಸಂಘದವರು ವರ್ಷಕ್ಕೊಮ್ಮೆ ಬ್ಯಾಟರಿಗೆ ಅಂತ ಸ್ವಲ್ಪ ದುಡ್ಡು ಶಾಲೆಯ ಖಾತೆಗೆ ಹಾಕುತ್ತಾರೆ, ಠರಾವು ಬರೆದಾಗಿದೆ.

ಉಳಿದಿರುವುದು ಬೀಗದಕೈ. ನನ್ನ ಹತ್ತಿರ ಒಂದೇ ಇದೆ. ನಾನು ರಜೆ ಹಾಕಿದ ದಿನ ಲ್ಯಾಬೂ ರಜೆ.

ಹಳ್ಳಿ_ಹೆಡ್‌ಮೇಡಂ
ಮೂರು ಮಾಡಿಸಿ. ಒಂದು ನಿಮಗೆ, ಒಂದು ಹೆಡ್‌ಮಾಸ್ಟರಿಗೆ, ಇನ್ನೊಂದು ಬೇರೆ ವಿಷಯದ ಒಬ್ಬ ಟೀಚರ್‌ಗೆ. ಮೂರನೆಯವರಿಗೆ ಈಗಿನಿಂದಲೇ ಕಲಿಸಲು ಶುರುಮಾಡಿ.

ಗಣಿತದ_ಮೇಷ್ಟ್ರು
ಕನ್ನಡ ಮೇಡಂ ಆಗಲೇ ಕೇಳುತ್ತಿದ್ದಾರೆ. ಆ ಹೂವಿನ ಕವರ್ ಹೊಲಿದವರು ಅವರೇ ಅಂತ ನಿನ್ನೆ ಗೊತ್ತಾಯಿತು. ಬೀಗದಕೈ ನಾಳೆ ಅವರಿಗೆ.

ಸ್ಕ್ರೂಡ್ರೈವರ್
ಉಳಿದ ನಾಲ್ಕನ್ನು ಎಸೆಯಬೇಡಿ ಮೇಷ್ಟ್ರೇ. ಶನಿವಾರ ಅಂಗಡಿ ಮಧ್ಯಾಹ್ನ ಮುಚ್ಚುತ್ತೇನೆ, ಬರುತ್ತೇನೆ. ಆ ನಾಲ್ಕು ಮಕ್ಕಳೂ ಇರಲಿ.